ಬಜೆ ತೇಯುವ ಕೈ

ಅಟ್ಟಕ್ಕೇರಿಸಲೂ ಊರಿಗೆ ಹೊತ್ತು ಬೇಕಿಲ್ಲ, ತಿಪ್ಪೆಗೆಸೆಯಲೂ ಬೇಕಿಲ್ಲ. ಮೊಳಕಾಲ್ಮೂರಿನ ನೇಕಾರರ ಮನೆಯ ಚೌಡೇಶನಿಗೆ ಎರಡೂ ಒಂದೇ ವರ್ಷದಲ್ಲಿ ಆದವು. ಹನ್ನೆರಡನೆಯ ವಯಸ್ಸಿನಿಂದ ಬೆಳಗಿನ ಜಾವ ಸಿದ್ದಾಪುರದ ರಸ್ತೆಯಲ್ಲಿ ಓಡಿದವನು, ಇಪ್ಪತ್ತೇಳಕ್ಕೆ ದೊಡ್ಡ ಮ್ಯಾರಥಾನ್ ಒಂದನ್ನು ಗೆದ್ದು ಬಂದಾಗ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿದರು. ಮೂರು ತಿಂಗಳಿಗೆ ಮೂತ್ರ ಪರೀಕ್ಷೆಯ ಕಾಗದ ಬಂತು. ನಿಷೇಧಿತ ಮದ್ದು ಸಿಕ್ಕಿದೆ, ನಾಲ್ಕು ವರ್ಷ ಓಡುವಂತಿಲ್ಲ.

ಮದ್ದು ಯಾವುದೆಂದು ಚೌಡೇಶನಿಗೆ ಚೆನ್ನಾಗಿ ಗೊತ್ತಿತ್ತು. ತರಬೇತಿ ಶಿಬಿರದಲ್ಲಿ ಪರಿಚಯದವನೊಬ್ಬನಿಂದ ತರಿಸಿ, ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡಿದ್ದ. ಯಾರೂ ಬಲವಂತ ಮಾಡಿರಲಿಲ್ಲ.

ಆದರೆ ಸುದ್ದಿ ಕೇಳಿದ ತಾಯಿ ಈಶ್ವರಮ್ಮ ಮಗ್ಗದ ಗುಂಡಿಯಿಂದ ಎದ್ದು ಬಂದು ಎದೆ ಬಡಿದುಕೊಂಡಳು. "ಅಯ್ಯೋ ನಾಯ್ನಾ, ಕಾಲಿಗೆ ಬಲ ಬರ್ಲಿ ಅಂತ ಹಾಲಿಗೆ ನಾಟಿ ಪುಡಿ ಹಾಕಿ ಕೊಟ್ನಲ್ಲೋ. ನಾನೇ ನಿನ್ನ ಕೆಡಿಸ್ದೆ!"

ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಈ ಮನೆಯಲ್ಲಿ ಮುಟ್ಟಿಕೊಂಡವಳು ತಾಯಿ. ಚೌಡೇಶ ಅಲ್ಲ ಎನ್ನಲಿಲ್ಲ. ಆ ದಿನ ಬಾಯಿ ಬರಲಿಲ್ಲ, ಆಮೇಲೆ ಧೈರ್ಯ ಬರಲಿಲ್ಲ. "ಪಾಪ, ತಾಯಿ ತಿಳೀದೆ ಕೊಟ್ಟಳಂತೆ" ಎಂದು ಬೀದಿಯವರೂ ಅವನ ಮೇಲೆ ಕನಿಕರಪಟ್ಟರು. ಆ ಕನಿಕರ ತಡೆಯಲಾರದೆ ಚಳ್ಳಕೆರೆಗೆ ಹೋಗಿ, ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ತೂಗುತ್ತಾ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಉಳಿದ. ಹಳೆಯ ರೂಢಿ, ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ಶೂ ಹಾಕುತ್ತಿರಲಿಲ್ಲ. ಬೆಳಕಾಗುವವರೆಗೂ ಗೋಡೆ ನೋಡುತ್ತ ಕೂರುತ್ತಿದ್ದ. ಮಾತಾಡಿಸುವವರು ಇರಲಿಲ್ಲ, ಇದ್ದರೂ ಹೇಳಬೇಕಾದ ಒಂದೇ ಮಾತನ್ನು ಅವರಿಗೆ ಹೇಳಿ ಫಲವಿರಲಿಲ್ಲ.

ಭಾನುವಾರ ಊರಿಗೆ ಹೋದರೆ ತಾಯಿ ಊಟ ಬಡಿಸುತ್ತಿದ್ದಳು. ಮಿಲ್ಲಿನ ಧೂಳಿಗೆ ಅವನು ಕೆಮ್ಮಿ ಕೆಮ್ಮಿ ಸುಸ್ತಾದರೂ ಮೆಣಸಿನ ಕಷಾಯ ಮಾತ್ರ ಕೊಡುತ್ತಿರಲಿಲ್ಲ. "ಬ್ಯಾಡಪ್ಪ, ನನ್ನ ಕೈಗುಣ ಚೆಂದಾಗಿಲ್ಲ. ಆಸ್ಪತ್ರಿಗೆ ಹೋಗು" ಎನ್ನುತ್ತಿದ್ದಳು. ಬೀದಿಯ ಕೂಸುಗಳಿಗೆಲ್ಲ ಬಜೆ ತೇಯ್ದು ನೆಕ್ಕಿಸುತ್ತಿದ್ದ ಕೈ ಅದು. ಅದನ್ನೂ ಬಿಟ್ಟಳು.

ನಿಷೇಧ ಮುಗಿಯಿತೆಂಬ ಕಾಗದ ಬಂದ ವಾರ ಚೌಡೇಶ ಅದನ್ನು ಜೇಬಿನಲ್ಲಿಟ್ಟುಕೊಂಡು ಮಗ್ಗದ ಪಕ್ಕ ಕುಳಿತ.

"ಅವ್ವ, ನಿನ್ ಪುಡಿಯಿಂದ ಆಗಿದ್ದಲ್ಲ. ಸೂಜಿ ನಾನೇ ಹಾಕ್ಕಂಡಿದ್ದೆ. ಗೊತ್ತಿದ್ದೇ ಹಾಕ್ಕಂಡಿದ್ದೆ."

ಮಗ್ಗ ನಿಂತಿತು. ಬೈಯಲಿ, ಹೊಡೆಯಲಿ ಎಂದು ಅವನು ಕಾದ.

"ನಿಂಗೆ ನಾಕು ವರ್ಷ ಅಂತ ಅವ್ರು ಬರ್ದು ಕೊಟ್ರು" ಎಂದಳು ಈಶ್ವರಮ್ಮ. "ನಂಗೆಷ್ಟು ವರ್ಷ ಅಂತ ನೀನು ಬಾಯಲ್ಲಾದ್ರೂ ಹೇಳಬಾರ್ದಿತ್ತೇನೋ?"

ಚೌಡೇಶನಿಗೆ ಕೆಮ್ಮು ಒತ್ತರಿಸಿ ಬಂತು. ಅಷ್ಟರಲ್ಲಿ ಎದುರುಮನೆಯ ಕೂಸು ಹೊಟ್ಟೆನೋವಿಗೆ ಅಳತೊಡಗಿತು. ಈಶ್ವರಮ್ಮ ಎದ್ದು, ಗೋಡೆಗೂಡಿನಲ್ಲಿ ನಾಲ್ಕು ವರ್ಷದಿಂದ ಬಿದ್ದಿದ್ದ ಬಜೆಯ ತುಂಡನ್ನು ಸೆರಗಿನಲ್ಲಿ ಒರೆಸಿಕೊಂಡು ಆ ಮನೆಗೆ ಹೋದಳು. ಮಗನ ಕಡೆ ನೋಡಲಿಲ್ಲ.

ಅವನು ಸ್ವಲ್ಪ ಹೊತ್ತು ಕಾದು, ಕೆಮ್ಮುತ್ತಲೇ ಬಸ್ ಸ್ಟ್ಯಾಂಡಿಗೆ ನಡೆದ.