ಕಾಗದದ ಮನೆಯ ಕಿಟಕಿ

ಲಕಮನಹಳ್ಳಿಯ ಆ ಶೆಡ್ಡಿನಲ್ಲಿ ಅಂಟು ಹಚ್ಚುವುದರಲ್ಲೇ ಮಾಳವ್ವನ ಪ್ರಾಯವೆಲ್ಲ ಸವೆದಿತ್ತು. ಪುಟ ತೆರೆದರೆ ಮನೆಯೊಂದು ಎದ್ದು ನಿಲ್ಲುವಂಥ ಮಕ್ಕಳ ಪುಸ್ತಕಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಕತ್ತರಿಸಿಟ್ಟ ಕಾಗದದ ಗೋಡೆ, ಚಾವಣಿ ಹಾರಿಹೋಗುತ್ತವೆಂದು ಬೇಸಿಗೆಯಲ್ಲೂ ಫ್ಯಾನು ಹಾಕುವಂತಿರಲಿಲ್ಲ, ಕಿಟಕಿ ತೆರೆಯುವಂತಿರಲಿಲ್ಲ. "ಒಂದ್ ಕಿಡಕಿನಾರ ತಗೀರಿ ಸಾವ್ಕಾರ್ರ, ಉಸರ ಕಟ್ಟಾಕತ್ತೈತಿ," ಎಂದು ಬೇಡಿಕೊಂಡರೆ ಮಾಲೀಕ ಗುರುಪಾದಪ್ಪ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ.

ತೊಂಬತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನ ಅವಳ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದ ಕಾಗದದ ಮನೆಯ ಕಿಟಕಿಯೂ ಬರೀ ಅಚ್ಚು ಹಾಕಿದ ಚಿತ್ರ. ಬ್ಲೇಡಿನಿಂದ ಅದರ ಮೂರು ಅಂಚು ಸೀಳಿ ಹೊರಕ್ಕೆ ಮಡಚಿದಳು. "ನಿನಗಾರ ಗಾಳಿ ಆಡ್ಲಿ," ಎಂದು ಪುಸ್ತಕ ಮುಚ್ಚಿ ರಾಶಿಗೆ ಒಗೆದಳು.

ಕೆಲವು ದಿನಗಳಾದ ಮೇಲೆ ಗುರುಪಾದಪ್ಪ ಅದೇ ಪುಸ್ತಕ ಹಿಡಿದು ಬಂದ. ಕೆಲಸ ಹೋಯಿತೆಂದುಕೊಂಡಳು. ಆತ ನೋಡಿದರೆ ನಗುತ್ತಿದ್ದ.

"ಭಾಳ ಛಲೋ ಮಾಡೀದಿ ಬಿಡವಾ! ಪುಸ್ತಕ ಕೊಳ್ಳೋರು ಮೆಚ್ಚ್ಯಾರ. ಇನ್ಮ್ಯಾಲೆ ಎಲ್ಲಾ ಮನಿಗೂ ಹಿಂಗ ಕಿಡಕಿ ತಗೀಬೇಕಂತ."

ಹೊಸ ಬ್ಲೇಡುಗಳ ಪೊಟ್ಟಣವನ್ನು ಅವಳ ಮುಂದಿಟ್ಟು, ಗಾಳಿ ಬಂದೀತೆಂದು ಬಾಗಿಲನ್ನೂ ಎಳೆದುಕೊಂಡು ಹೋದ.