ಅಂಗೈಯಲ್ಲಿ ಮಾವ್ರುದ್

ಮಗಳು ಮೆಚ್ಚಿದ ಹುಡುಗ ಬಲ್ಗೇರಿಯಾದವನು. ಅವನ ಅಪ್ಪ ಊರಿನಿಂದ ಬಂದಿದ್ದರು. ಫ್ರೀಮಾಂಟ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಇಬ್ಬರನ್ನೂ ಊಟಕ್ಕೆ ಕರೆದಿದ್ದೆ. ನನ್ನ ಯಜಮಾನರು ತೀರಿಕೊಂಡು ವರ್ಷಗಳಾಗಿವೆ, ಹಾಗಾಗಿ ಹೆಣ್ಣಿನ ಕಡೆಯ ಹಿರಿತನವೆಲ್ಲ ನನ್ನೊಬ್ಬಳ ತಲೆಯ ಮೇಲೆ. ಬೆಳಿಗ್ಗೆಯೇ ಒಬ್ಬಟ್ಟು ಮಾಡಿ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿಟ್ಟಿದ್ದೆ. ಎಲ್ಲ ಸರಿಹೋದರೆ ತಾಂಬೂಲ ಕೊಟ್ಟು ಮಾತು ಗಟ್ಟಿ ಮಾಡಿಬಿಡುವ ಯೋಚನೆ.

ಸ್ಯಾನ್ ರಮೋನ್‌ನಿಂದ ಫ್ರೀವೇ ಟ್ರಾಫಿಕ್ಕಿನಲ್ಲಿ ಬೆಂದು ಅಪ್ಪ ಮಗ ಬಂದರು. ಅಪ್ಪ ಬೋಳುತಲೆಯ, ದಪ್ಪ ಕೈಗಳ ಮನುಷ್ಯ. ಸ್ವೆಟರಿನಲ್ಲಿ ಸುತ್ತಿ ಊರಿನಿಂದ ತಂದಿದ್ದ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟರು. ದ್ರಾಕ್ಷಿ ತಮ್ಮ ಸೀಮೆಯದೇ, ಮಾವ್ರುದ್ ಅಂತ ಹೆಸರು, ತಾವೇ ಬೆಳೆದು ತಾವೇ ಮಾಡಿದ ವೈನು ಎಂದು ಮಗನಿಂದ ಹೇಳಿಸಿದರು. ಬಿರಡೆ ತೆಗೆದು, ಎದ್ದು ನಿಂತು, ಮೊದಲು ನನ್ನ ಲೋಟಕ್ಕೇ ಬಗ್ಗಿಸಲು ಬಂದರು.

ನಾನು ಮೈಸೂರಿನ ಮಡಿ ಮನೆಯಲ್ಲಿ ಬೆಳೆದವಳು. ಹೆಂಡದ ವಾಸನೆ ಕಂಡರೇ ದೂರ. ಲೋಟದ ಮೇಲೆ ಅಂಗೈ ಮುಚ್ಚಿ, "ನೋ, ನೋ, ಪ್ಲೀಸ್" ಎಂದೆ, ನಗುನಗುತ್ತಲೇ.

ಅವರ ಮುಖ ಸಪ್ಪಗಾಯಿತು. ಬಿರಡೆಯನ್ನು ಬಾಟಲಿಗೆ ತಿರುಗಿ ಹಾಕಿ ಕೂತುಬಿಟ್ಟರು. ಹುಡುಗ ಬಿಳಿಚಿಕೊಂಡ.

"ಏನಾಯ್ತೇ?" ಎಂದು ಮಗಳನ್ನು ಕೇಳಿದೆ.

ಅವಳು ಹುಡುಗನ ಹತ್ತಿರ ಪಿಸುಗುಟ್ಟಿ ನನ್ನತ್ತ ತಿರುಗಿದಳು. ಕಣ್ಣು ತುಂಬಿತ್ತು. "ಅಮ್ಮಾ, ಹುಡುಗನ ಕಡೆಯವ್ರು ತಂದ ವೈನು ಹುಡುಗಿ ಮನೆಯವ್ರು ಕುಡಿದ್ರೇನೇ ಒಪ್ಗೆ ಅಂತೆ ಅವ್ರ ಹಳ್ಳೀಲಿ. ಯೂ ಜಸ್ಟ್ ಸೆಡ್ ನೋ!"

"ಮೊದ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?"

"ತಮ್ಮಪ್ಪ ಇದನ್ನೆಲ್ಲ ಇಲ್ಲೂ ಮಾಡ್ತಾರೆ ಅಂತ ಇವ್ನಿಗೇ ಗೊತ್ತಿರ್ಲಿಲ್ಲಮ್ಮ."

ನನಗೆ ಸಿಟ್ಟು ಬಂತು. ಮಗಳ ಮದುವೆಗೂ ನನ್ನ ನಾಲಿಗೆಗೂ ಏನು ಸಂಬಂಧ? ಅಷ್ಟರಲ್ಲಿ ನಾನೇ ಜೋಡಿಸಿಟ್ಟ ತಾಂಬೂಲದ ತಟ್ಟೆ ಕಣ್ಣಿಗೆ ಬಿತ್ತು. ಅದನ್ನು ಅವರು ಬೇಡವೆಂದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಒಬ್ಬಟ್ಟು ಕೂಡ ಬಡಿಸದೆ ಸಾಗಹಾಕುತ್ತಿದ್ದೆ.

ಬಾಟಲಿಯನ್ನು ಅವರ ಮುಂದಕ್ಕೆ ಸರಿಸಿದೆ. ಲೋಟ ಎತ್ತಲು ಮಾತ್ರ ಮನಸ್ಸು ಬರಲಿಲ್ಲ. ಬಲಗೈ ತಾನಾಗಿ ತೀರ್ಥಕ್ಕೆ ಒಡ್ಡುವ ಹಾಗೆ ಮುಂದೆ ಚಾಚಿಕೊಂಡಿತು. ಅವರು ಕಕ್ಕಾಬಿಕ್ಕಿಯಾಗಿ ಮಗನ ಮುಖ ನೋಡಿದರು. ಆಮೇಲೆ ಬಿರಡೆ ಕಿತ್ತು, ನನ್ನ ಅಂಗೈಗೆ ಒಂದಿಷ್ಟು ಹಾಕಿದರು. ಕಣ್ಣು ಮುಚ್ಚಿ ಕುಡಿದೆ. ನೇರಳೆ ಹಣ್ಣು ತಿಂದ ಹಾಗೆ ಬಾಯೆಲ್ಲ ಒಗರು. ಅಭ್ಯಾಸಬಲ, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡೆ.

ಅದೂ ನಮ್ಮ ಶಾಸ್ತ್ರವೆಂದುಕೊಂಡರೋ ಏನೋ, ಅವರೂ ಅಂಗೈಗೆ ಸುರಿದುಕೊಂಡು ಕುಡಿದು, ಬೋಳುತಲೆಗೆ ಗಂಭೀರವಾಗಿ ಒರೆಸಿಕೊಂಡರು. ಮಗಳು ಅಳುತ್ತಲೇ ಕಿಸಕ್ಕೆಂದಳು. ನಾನೂ ತಡೆಯಲಾರದೆ ನಕ್ಕುಬಿಟ್ಟೆ. ಅಬ್ಬ, ಹೋದ ಜೀವ ಬಂದ ಹಾಗಾಯಿತು.

ಊಟವಾದ ಮೇಲೆ ತಾಂಬೂಲದ ತಟ್ಟೆ ಹಿಡಿದು ಅವರ ಮುಂದೆ ನಿಂತೆ. ನಮ್ಮಲ್ಲಿ ಇದಕ್ಕೇನು ಅರ್ಥ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಇದೇನು ಎಂದೂ ಕೇಳದೆ, ಎದ್ದು ನಿಂತು, ಎರಡೂ ಕೈಯಲ್ಲಿ ತೆಗೆದುಕೊಂಡರು. ನಮ್ಮ ಬೀಗರು ನನಗಿಂತ ವಾಸಿ.