ರಾಯಬಾಗದ ಮಿಡಾಸ

ಬಾವಿಯ ಮೋಟರು ರಿಪೇರಿ ಮುಗಿದ ಮೇಲೆ ಅಪ್ಪಾಸಾಹೇಬ ಖೋತ ತಕ್ಷಣ ಸ್ವಿಚ್ ಒತ್ತುತ್ತಿರಲಿಲ್ಲ. ಬಲ ಅಂಗೈಯನ್ನು ಮೋಟರಿನ ಮೇಲಿಟ್ಟು, ಕಣ್ಣು ಮುಚ್ಚಿ, ಸುತ್ತ ನಿಂತ ರೈತರು ಸುಮ್ಮನಾಗುವವರೆಗೆ ಕಾಯುತ್ತಿದ್ದ. ಆಮೇಲೆ, ‘ಮಿಡಾಸ ಮುಟ್ಯಾನ, ಈಗ ಹಾಕ್ರಿ ಕರೆಂಟ್,’ ಎನ್ನುತ್ತಿದ್ದ. ಮೋಟರು ತಿರುಗುತ್ತಿತ್ತು. ಮಂದಿ ನಗುತ್ತಿದ್ದರು. ನನಗೆ ಆ ನಗು ಸೇರುತ್ತಿರಲಿಲ್ಲ.

ಮಿಡಾಸ ಗ್ರೀಕ್ ಪುರಾಣದ ಒಬ್ಬ ಸಣ್ಣ ರಾಜ. ಮುಟ್ಟಿದ್ದೆಲ್ಲ ಬಂಗಾರವಾಗಲಿ ಎಂದು ವರ ಬೇಡಿ, ಊಟಕ್ಕೂ ಗತಿಯಿಲ್ಲದೆ ಕುಳಿತವನು. ಏಳನೆಯ ತರಗತಿಯಲ್ಲಿ ನಮ್ಮ ಗುರುಗಳು ಆ ಕತೆಯನ್ನು ನಾಟಕ ಮಾಡಿಸಿದರು. ರಾಜನ ಮಾತೆಲ್ಲ ನನಗೆ ಬಾಯಿಪಾಠ. ಪಾತ್ರ ಸಿಕ್ಕಿದ್ದು ಅಪ್ಪಾಸಾಹೇಬನಿಗೆ. ನನ್ನನ್ನು ಪರದೆಯ ಹಿಂದೆ ಮಾತು ಹೇಳಿಕೊಡಲು ನಿಲ್ಲಿಸಿದರು. ಬಂಗಾರದ ಕಾಗದ ಸುತ್ತಿದ ರೊಟ್ಟಿ ಹಿಡಿದು ಅವನು ಮಾತು ಮರೆತ. ನಾನು ಪಿಸುಗುಟ್ಟಿದ್ದನ್ನು ಕಿವಿಗೆ ಹಾಕಿಕೊಳ್ಳದೆ, ‘ಏ ರೊಟ್ಟಿ, ನೀ ಬಂಗಾರ ಆದಿ ಖರೆ, ನಾ ಏನ್ ತಿನ್ನಲಿ ಬೇ?’ ಎಂದುಬಿಟ್ಟ. ಶಾಲೆಯ ಅಂಗಳ ಬಿದ್ದುಬಿದ್ದು ನಕ್ಕಿತು. ಅಂದಿನಿಂದ ಅವನು ಮಿಡಾಸ.

ನಾಟಕ ನೋಡದವರೂ ಹಾಗೇ ಕರೆದರು. ಚಿಂಚಲಿ ರಸ್ತೆಯಲ್ಲಿ ಅವನ ಅಂಗಡಿ ಬಂದಾಗ ಕಂಡಕ್ಟರ್ ‘ಮಿಡಾಸ್ ಸ್ಟಾಪ್, ಇಳೀರಿ’ ಎನ್ನುತ್ತಿದ್ದ. ಅಥಣಿಯ ಹಿರಿಯರೊಬ್ಬರು ನನ್ನನ್ನೇ ಕೇಳಿದ್ದರು: ‘ಈ ಮಿಡಾಸ ರಾಜಾ ನಿಪ್ಪಾಣಿ ಕಡಿಯಾಂವೇನ್ರಿ?’ ಇಪ್ಪತ್ತೈದು ವರ್ಷ ನನ್ನ ಹೆಸರಿನಲ್ಲಿ ಪತ್ರಿಕೆಗೆ ಸುದ್ದಿ ಬರೆದಿದ್ದೇನೆ. ನನ್ನ ಹೆಸರಿಗೆ ಯಾವ ಬಸ್ಸೂ ನಿಂತಿಲ್ಲ. ಅವನಿಗೆ ಇದು ಗೊತ್ತಿತ್ತು. ‘ಮಂದಿ ನಿನ್ನ ಓದ್ತಾರ ಲೇ, ನನ್ನ ಕರೀತಾರ,’ ಎಂದು ಚಹಾ ಕೈಗಿಡುತ್ತಿದ್ದ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅವನು ಎದೆನೋವಿನಿಂದ ತೀರಿಕೊಂಡ. ನಿಧನ ವಾರ್ತೆ ಬರೆದವನು ನಾನು. ಅಪ್ಪಾಸಾಹೇಬ ಬಾಳಪ್ಪ ಖೋತ, ಮೋಟರು ದುರಸ್ತಿಗಾರ; ಅಂತ್ಯಕ್ರಿಯೆ ಬೆಳಿಗ್ಗೆ ಹನ್ನೊಂದಕ್ಕೆ. ಮಿಡಾಸ ಎಂದು ಹಾಕಲಿಲ್ಲ. ಅಡ್ಡಹೆಸರು ಹಾಕಬಾರದು ಎಂಬ ನಿಯಮವೇನೂ ನಮ್ಮಲ್ಲಿಲ್ಲ. ಒಂದು ದಿನವಾದರೂ ಅವನು ಬರೀ ಖೋತ ಆಗಿರಲಿ ಅನ್ನಿಸಿತು. ವಾಟ್ಸಾಪ್‌ನಲ್ಲಿ ಓಡಾಡಿದ್ದೂ ಅದೇ ತುಣುಕು. ಮಣ್ಣಿಗೆ ಬಂದವರು ನೆಂಟರು, ಓಣಿಯವರು ಸೇರಿ ಮೂವತ್ತು ಮಂದಿ. ಎಣಿಸಿದ್ದೆ.

ಮೂರನೆಯ ದಿನ, ಮುಚ್ಚಿದ ಅಂಗಡಿಯ ಮುಂದೆ ಅಲಖನೂರಿನ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ಮೋಟರು ಹೇರಿಕೊಂಡು ಬಂದು ನಿಂತಿದ್ದರು.

‘ಮಿಡಾಸ ಎಲ್ಲಿ ಹೋಗ್ಯಾನ್ರಿ?’

ಹೇಳಿದೆ. ಅವರು ಟ್ರ್ಯಾಕ್ಟರಿನ ಗಾಲಿ ಹಿಡಿದುಕೊಂಡರು. ‘ಪೇಪರಿನ್ಯಾಗ ಖೋತ ಅಂತ ಓದೇನ್ರಿ. ಯಾರೋ ಅಂದ್ಕೊಂಡು ಹಾಳಿ ತಿರುವಿದೆ. ನಮ್ಮೂರಿಂದ ಒಂದ್ ಟ್ರಾಲಿ ಮಂದಿ ಬರ್ತಿತ್ತು.’

ಬರೆದವನು ನಾನೇ ಎಂದು ಹೇಳುವುದಿತ್ತು. ಮೊದಲು ನನ್ನ ಹೆಸರು ಹೇಳಿದೆ, ಪತ್ರಿಕೆಯ ಹೆಸರೂ ಹೇಳಿದೆ. ಅವರಿಗೆ ಗುರುತು ಹತ್ತಲಿಲ್ಲ. ‘ನಾ ಮಿಡಾಸನ ಸಾಲಿ ಗೆಳೆಯಾ ರೀ,’ ಎಂದಾಗ ನನ್ನ ಎರಡೂ ಕೈ ಹಿಡಿದುಕೊಂಡರು.

‘ನೀವಾದ್ರೂ ಮಣ್ಣಿಗಿದ್ರಿ, ಚಲೋ ಆತು. ಮಂದಿ ಬಾಳ ಕೂಡಿತ್ತೇನ್ರಿ?’

‘ಊರಿಗೂರೇ ಬಂದಿತ್ತ್ರಿ,’ ಎಂದೆ.